ಹೆಪ್ಪುಗಟ್ಟದ ಹಾಲು

ಕೊಡಿಗೇಹಳ್ಳಿಯ ನಮ್ಮ ಮನೆಯ ಅಡಿಗೆಕೋಣೆಯ ಮೂಲೆಯಲ್ಲಿ ಒಂದು ವಾಸನೆ ಇತ್ತು. ಮೊಸರಿನ ಗಡಿಗೆಯನ್ನು ತೊಳೆದ ಮೇಲೆ ಅಮ್ಮ ಅದನ್ನು ಒಲೆಯ ಹೊಗೆಗೆ ಬೋರಲು ಹಿಡಿದು ಒಣಗಿಸುತ್ತಿದ್ದಳು. ಆ ಹೊಗೆಯೂ ಮೊಸರಿನ ಹುಳಿಯೂ ಸೇರಿದ ವಾಸನೆ ಅದು. ಸ್ಕೂಲಿನಿಂದ ಬಂದು ಬಾಗಿಲಲ್ಲಿ ಚೀಲ ಇಡುವಾಗಲೇ ಮೂಗಿಗೆ ಬಡಿಯುತ್ತಿತ್ತು. ಅಮ್ಮ ಮನೆಯಲ್ಲಿದ್ದಾಳೆ ಅನ್ನುವುದಕ್ಕೆ ನನಗೆ ಬೇರೆ ಗುರುತು ಬೇಕಿರಲಿಲ್ಲ.

ಅಮ್ಮನ ಹೆಸರು ಸೊಣ್ಣಮ್ಮ, ತವರು ರಾಜಾನುಕುಂಟೆ. ಮದುವೆಯಾಗಿ ಬರುವಾಗ ತವರಿನಿಂದ ಒಂದು ಕುಡಿಕೆಯಲ್ಲಿ ಹೆಪ್ಪು ತಂದಿದ್ದಳಂತೆ. ದಿನಾ ಅದರಲ್ಲಿ ಒಂದಿಷ್ಟು ಉಳಿಸಿ, ಮಾರನೆಯ ದಿನದ ಹಾಲಿಗೆ ಹಾಕಿ, ಹಾಗೇ ನಡೆಸಿಕೊಂಡು ಬಂದಿದ್ದಳು. ಬೀದಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಬಟ್ಟಲು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಹಿತ್ತಲ ಹಿಂದಿನ ಮನೆಯ ಟೈಲರ್ ತಾಜುದ್ದೀನ್ ಅವರ ಹೆಂಡತಿ ನೂರ್‌ಜಹಾನ್ ಕೂಡ ಬರುತ್ತಿದ್ದರು. ದೀಪ ಹಚ್ಚುವ ಮುಂಚೆ ಬಂದರೆ ಅಮ್ಮ ಯಾರಿಗೂ ಇಲ್ಲ ಎಂದವಳಲ್ಲ. ದೀಪ ಹಚ್ಚಿದ ಮೇಲೆ ಯಾರಿಗೂ ಕೊಟ್ಟವಳೂ ಅಲ್ಲ. ಆದರೆ ನೂರ್‌ಜಹಾನ್ ಮನೆಯಿಂದ ಏನೂ ನಮ್ಮ ಅಡಿಗೆಮನೆಯೊಳಕ್ಕೆ ಬರುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನೂರ್‌ಜಹಾನ್ ಅವರಿಗೂ ಗೊತ್ತಿತ್ತು.

ಎಂಬತ್ತಾರನೇ ಇಸವಿಯ ಡಿಸೆಂಬರ್. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮಣ್ಣ ಆನಂದಪ್ಪ ಯಶವಂತಪುರದ ಕಡೆ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಆ ವರ್ಷವೇ ಅವನ ಮದುವೆಯಾಗಿತ್ತು. ಅತ್ತಿಗೆ ಗಂಗರತ್ನ ದೊಡ್ಡಬಳ್ಳಾಪುರದವರು. ಎಂ.ಎಸ್ಸಿ. ಮುಗಿಸಿ ಹೆಬ್ಬಾಳದಾಚೆಯ ಒಂದು ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದ್ದರು. ಮದುವೆಯ ಮಾತುಕತೆಯಲ್ಲೇ ನಮ್ಮಪ್ಪ ಚಿಕ್ಕಹನುಮಯ್ಯ, "ಕೆಲಸ ಬಿಡಿಸಾಕಿಲ್ಲ" ಎಂದು ಬೀಗರಿಗೆ ಮಾತು ಕೊಟ್ಟಿದ್ದರು.

ಜಗಳಕ್ಕೆ ದಾರಿಯಾದದ್ದು ಒಂದು ರಾತ್ರಿಯ ಊಟ. ಮುದ್ದೆ, ಅವರೆಕಾಳಿನ ಸಾರು. ಅಣ್ಣ ಒಳ್ಳೆಯ ಲಹರಿಯಲ್ಲಿದ್ದ.

"ರತ್ನ, ಲ್ಯಾಬಲ್ಲಿ ಏನ್ ಮಾಡ್ತೀರ ಅಂತ ಅಮ್ಮಂಗೆ ಸ್ವಲ್ಪ ಹೇಳು. ಪಕ್ಕದ ಮನೆ ಮರಿಯಮ್ಮ ಕೇಳಿದ್ರೆ ಏನ್ ಹೇಳ್ಬೇಕೋ ಗೊತ್ತಾಗ್ದೆ ಒದ್ದಾಡ್ತಾಳೆ."

ಅತ್ತಿಗೆಗೆ ಖುಷಿಯಾಯಿತು. ಆ ಮನೆಯಲ್ಲಿ ಅವರ ಕೆಲಸದ ಬಗ್ಗೆ ಯಾರೂ ಅದುವರೆಗೆ ಕೇಳಿರಲಿಲ್ಲ.

"ದನಗಳ ಕಾಲುಬಾಯಿ ಜ್ವರಕ್ಕೆ ಹೊಸ ಥರದ ಲಸಿಕೆ ಮಾಡೋಕೆ ನೋಡ್ತಿದೀವಿ ಅತ್ತೆ. ಆ ವೈರಸ್ ಮೈಮೇಲೆ ಒಂದು ಹೊದಿಕೆ ಇರುತ್ತೆ. ಆ ಹೊದಿಕೆ ಹೆಂಗಿರಬೇಕು ಅನ್ನೋದನ್ನ ಹೇಳೋ ತುಂಡು ಮಾತ್ರ ನಕಲು ಮಾಡಿ, ಒಂದು ಡಿ.ಎನ್.ಎ. ಉಂಗುರಕ್ಕೆ ಸೇರಿಸಿ, ಬ್ಯಾಕ್ಟೀರಿಯಾ ಒಳಗೆ ಕಳಿಸ್ತೀವಿ. ಅದು ಬೆಳೆದಂಗೆಲ್ಲ ಹೊದಿಕೆನೂ ತಯಾರಾಗುತ್ತೆ. ರೋಗ ಇರಲ್ಲ, ಬರೀ ಹೊದಿಕೆ. ಹಸುಗೆ ಅದನ್ನ ಚುಚ್ಚಿದ್ರೆ ಅದರ ಮೈ ಮುಂಚೇನೇ ಎಚ್ಚರವಾಗಿರುತ್ತೆ."

"ಅಂಗಾದ್ರೆ ಒಳ್ಳೇದೇ ಕಣವ್ವ" ಎಂದರು ಅಪ್ಪ. "ನಮ್ಮ ಜೋಡೆತ್ತು ಆ ಜ್ವರದಾಗೇ ಓದ್ವು."

ಅಮ್ಮ ಕೇಳಿದಳು: "ಬ್ಯಾಕ್ಟೀರಿಯ ಅಂದ್ರೆ ಯಾವ್ದು?"

"ಕಣ್ಣಿಗೆ ಕಾಣದೆ ಇರೋ ಜೀವಿ ಅತ್ತೆ. ನೀವು ಹಾಕೋ ಹೆಪ್ಪಲ್ಲಿರೋದೂ ಅದೇ ಜಾತಿದು."

"ನನ್ನ ಎಪ್ಪಲ್ಲಿ ಉಳ ಅದೆ ಅಂತೀಯ?"

"ಹುಳ ಅಲ್ಲ ಅತ್ತೆ, ಒಳ್ಳೇ ಜೀವಿನೇ. ಅದಿದ್ರೇನೇ ಮೊಸರು."

"ಸರಿ, ನಿಮ್ ಲ್ಯಾಬಿನ ಜೀವಿ ಎಲ್ಲಿರ್ತದೆ?"

ಅತ್ತಿಗೆಗೆ ಸುಳ್ಳು ಬರುತ್ತಿರಲಿಲ್ಲ. "ಮನುಷ್ಯರ ಕರುಳಲ್ಲಿ" ಎಂದರು.

ಅಮ್ಮನ ಕೈ ಮುದ್ದೆಯ ಮೇಲೇ ನಿಂತಿತು. "ಕರುಳಲ್ಲಿ ಅಂದ್ರೆ... ಬೆಳಿಗ್ಗೆ ಚೆಂಬು ತಗೊಂಡು ಓಗ್ತೀವಲ್ಲ, ಅದ್ರಾಗೆ?"

ಅಣ್ಣನಿಗೆ ನಗು ತಡೆಯಲಿಲ್ಲ. "ಊಟದ ಹೊತ್ತಲ್ಲಿ ಇದು ಬೇಕಾಮ್ಮ?"

"ನಗಬ್ಯಾಡ ಕಣೋ. ಅದ್ನ ಮುಟ್ಟಿದ ಕೈಯಾಗೆ ನಂಗೆ ಮುದ್ದೆ ಬಡಿಸ್ತಾ ಅವ್ಳೆ."

ಅದು ಸಾಧು ಜಾತಿಯದು, ಕೈಯನ್ನು ಸೋಪಿನಲ್ಲಿ ತೊಳೆದು ಮತ್ತೆ ಸ್ಪಿರಿಟ್ ಹಚ್ಚುತ್ತೇವೆ ಎಂದು ಅತ್ತಿಗೆ ಹೇಳಿದ್ದು ಅಮ್ಮನ ಕಿವಿಗೆ ಬೀಳಲಿಲ್ಲ. ಮಾರನೆಯ ದಿನದಿಂದ ಕಟ್ಟಳೆ ಬಂತು. ಲ್ಯಾಬಿನಿಂದ ಬಂದವರು ಹಿತ್ತಲ ಬಾಗಿಲಿಂದ ಬಂದು, ಸ್ನಾನ ಮಾಡಿ, ಸೀರೆ ಬದಲಾಯಿಸಿಯೇ ಒಳಗೆ ಬರಬೇಕು. ಕಟ್ಟಳೆ ಮಾಡಿದ ಅಮ್ಮನೇ ಬಸ್ಸಿನ ಹೊತ್ತಿಗೆ ಸರಿಯಾಗಿ ಹಂಡೆಗೆ ಉರಿ ಹಾಕಿ ನೀರು ಕಾಯಿಸಿಡುತ್ತಿದ್ದಳು. "ಚಳಿಯಾಗೆ ತಣ್ಣೀರು ಉಯ್ಕೊಂಡ್ರೆ ಕೆಮ್ಮು ಬರ್ತದೆ" ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದಳು.

ಆಮೇಲೆ ಹಾಲು ಹೆಪ್ಪುಗಟ್ಟುವುದು ನಿಂತಿತು.

ಮೊದಲ ದಿನ ಎಲ್ಲರೂ ಚಳಿ ಎಂದರು. ಅಮ್ಮ ಗಡಿಗೆಗೆ ಹಳೇ ಕಂಬಳಿ ಸುತ್ತಿ ಒಲೆಯ ಮಗ್ಗುಲಲ್ಲಿಟ್ಟಳು. ಬೆಳಿಗ್ಗೆ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಹುಳಿಯಾಗಿರಲಿಲ್ಲ, ಒಡೆದಿರಲಿಲ್ಲ. ಕುಡಿಕೆಯಲ್ಲಿ ಉಳಿದಿದ್ದ ಹೆಪ್ಪನ್ನೆಲ್ಲ ಮಾರನೆಯ ದಿನದ ಹಾಲಿಗೆ ಸುರಿದಳು. ಅದೂ ಆಗಲಿಲ್ಲ. ತವರಿನ ಹೆಪ್ಪು ಅಲ್ಲಿಗೆ ಮುಗಿಯಿತು. ಅಮ್ಮ ಖಾಲಿ ಕುಡಿಕೆಯನ್ನು ತೊಳೆಯಲೂ ಇಲ್ಲ, ಹಾಗೇ ಗೂಡಿನಲ್ಲಿ ಎತ್ತಿಟ್ಟಳು. ಮರಿಯಮ್ಮನ ಮನೆಯಿಂದ ಹೆಪ್ಪು ತಂದು ಹಾಕಿದ್ದಾಯಿತು. ಅದೂ ಹಾಗೇ.

"ನಿಮ್ಮನೇಲಿ ಏನೋ ಸೇರ್ಕೊಂಡದೆ ಸೊಣ್ಣಮ್ಮ" ಎಂದು ಮರಿಯಮ್ಮ ಹೇಳಿ ಹೋದಳು. ಅಷ್ಟು ಸಾಕಾಯಿತು.

ಆ ಸಂಜೆ ಅಮ್ಮ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಇವ್ಳು ಒಳಕ್ಕೆ ಬರೋದು ಬ್ಯಾಡ."

"ನಾನು ಹಾಲು ಮುಟ್ಟೇ ಇಲ್ಲವಲ್ಲ ಅತ್ತೆ" ಎಂದರು ಅತ್ತಿಗೆ.

"ಮುಟ್ಬೇಕಾ? ಕಣ್ಣಿಗೆ ಕಾಣಾಕಿಲ್ಲ ಅಂತ ನೀನೇ ಯೋಳಿದ್ದು. ನಿನ್ನ ಜೀವಿ ಬಂದು ನನ್ನ ಜೀವೀನ ತಿಂದಾಕ್ತು."

ಊಟಕ್ಕೆ ಅವರ ತಟ್ಟೆಯನ್ನು ನಾನು ನಡುಮನೆಗೆ ತಂದುಕೊಟ್ಟೆ. ಮಜ್ಜಿಗೆಯಿಲ್ಲದ ಊಟ ಯಾರಿಗೂ ಇಳಿಯಲಿಲ್ಲ. ಪ್ರತಿದಿನ ಮಜ್ಜಿಗೆಗೆ ಕೈ ಚಾಚುತ್ತಿದ್ದ ಅಪ್ಪ ಮಾತ್ರ ಒಂದು ಮಾತೂ ಆಡದೆ ಕೈ ತೊಳೆದು ಕೊಟ್ಟಿಗೆಗೆ ಹೋದರು. ಅವರು ಅಷ್ಟು ಸುಮ್ಮನಿದ್ದದ್ದು ಏಕೆಂದು ಆಗ ಯಾರೂ ಯೋಚಿಸಲಿಲ್ಲ.

ಅಣ್ಣ ಕೋಣೆಯಲ್ಲಿ ಅತ್ತಿಗೆಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ಒಂದ್ ವಾರ ರಜ ಹಾಕು. ಅಮ್ಮನ ಕೋಪ ಇಳೀಲಿ."

"ಈಗ ಹಾಕೋಕಾಗಲ್ಲ ರೀ. ಸಂಕ್ರಾಂತಿ ಹೊತ್ತಿಗೆ ಲ್ಯಾಬಲ್ಲಿ ನನ್ನ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದಿರೋದು ತೋರಿಸ್ಬೇಕು. ಇಲ್ಲಾಂದ್ರೆ ಈ ಕೆಲಸಾನ ನನ್ನ ಜೊತೆಗಿರೋ ವೆಂಕಟಸ್ವಾಮಿಗೆ ಕೊಟ್ಟು ನನ್ನನ್ನ ಬಾಟ್ಲಿ ತೊಳೆಯೋಕೆ ಇಟ್ಕೋತಾರೆ."

"ನಂಗೂ ದಿನಾ ಫ್ಯಾಕ್ಟರಿಯಿಂದ ಬಂದು ಈ ರಾಮಾಯಣ ಕೇಳೋಕಾಗಲ್ಲ ಕಣೇ. ಒಂದೇ ವಾರ."

"ಒಂದ್ ವಾರ ಕೂತರೆ ನಾನು ತಪ್ಪು ಮಾಡಿದೀನಿ ಅಂತ ಒಪ್ಕೊಂಡಂಗೆ ಅಲ್ವಾ?"

ಅಣ್ಣ ದೀಪ ಆರಿಸಿದ. ಅತ್ತಿಗೆ ರಜೆ ಹಾಕಿದರು.

ಆ ವಾರವನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಅತ್ತಿಗೆ ಜಗುಲಿಯ ಮೇಲೆ ಕುಳಿತು ಮೊರಗಟ್ಟಲೆ ಅವರೆಕಾಯಿ ಸುಲಿದರು. ನೆನೆಸಿ ಹಿಸುಕುವ ಕೆಲಸಕ್ಕೆ ಬಂದರೆ ಅಮ್ಮ, "ಇರ್ಲಿ, ನಾನು ಮಾಡ್ಕೋತೀನಿ" ಎಂದು ಮೊರ ಎಳೆದುಕೊಳ್ಳುತ್ತಿದ್ದಳು. ಬಟ್ಟೆ ಒಗೆದರು, ಕೊಟ್ಟಿಗೆಯ ಕಸ ಬಳಿದರು. ಅವರು ಲ್ಯಾಬಿನ ಕಡೆ ತಲೆಯೇ ಹಾಕದಿದ್ದರೂ ಹಾಲು ಹೆಪ್ಪುಗಟ್ಟಲಿಲ್ಲ.

"ನೋಡಿ ಅತ್ತೆ, ನಾನು ಹೋಗಿಲ್ಲ, ಆದ್ರೂ ಆಗ್ಲಿಲ್ಲ" ಎಂದು ಅತ್ತಿಗೆ ಬಾಗಿಲಾಚೆಯಿಂದ ಹೇಳಿದರು.

"ಮೈಯಾಗೆ ಸೇರ್ಕೊಂಡದೆ. ಅಷ್ಟು ಬೇಗ ಓಯ್ತದಾ?"

ಹೋದರೂ ತಪ್ಪು, ಉಳಿದರೂ ತಪ್ಪು. ಅತ್ತಿಗೆ ಸಿಪ್ಪೆಯ ರಾಶಿಯನ್ನು ಎತ್ತಿ ಹಸುವಿನ ಮುಂದೆ ಸುರಿದು ಬಂದರು. ಸೋಮವಾರ ಬೆಳಿಗ್ಗೆ ಯಾರನ್ನೂ ಕೇಳದೆ ಬಸ್ಸು ಹತ್ತಿದರು. ರಜೆ ಮುಗಿಯಿತೆಂದು ಅಮ್ಮ ಎಂದಿನಂತೆ ಕಟ್ಟಿಟ್ಟಿದ್ದ ಊಟದ ಡಬ್ಬಿ ಕಿಟಕಿಯಲ್ಲೇ ಉಳಿಯಿತು. ಅಡಿಗೆಮನೆಗೆ ಬೇಡವಾದವರಿಗೆ ಅಲ್ಲಿಯ ಊಟವೂ ಬೇಡ ಎಂದು ನನಗೆ ಹೇಳಿ ಹೋಗಿದ್ದರು. ಅಮ್ಮ ಸಂಜೆಯವರೆಗೆ ಆ ಡಬ್ಬಿಯನ್ನು ತೆಗೆಯಲಿಲ್ಲ. ಮಾರನೆಯ ದಿನ ಕಟ್ಟಲೂ ಇಲ್ಲ.

ಲ್ಯಾಬಿನಲ್ಲೂ ಸುಖವಿರಲಿಲ್ಲ. ನಾನು ಆ ವಾರ ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟದ್ದರಿಂದ ಹೆಬ್ಬಾಳದಲ್ಲಿ ಇಳಿದು ಅತ್ತಿಗೆಯನ್ನು ಹುಡುಕಿಕೊಂಡು ಹೋದೆ. ಒಳಗೆ ಅವರ ಮೇಲಧಿಕಾರಿ ಶಿವಶರಣಪ್ಪನವರ ದನಿ ಕೇಳುತ್ತಿತ್ತು. ಕಲಬುರಗಿ ಕಡೆಯವರು.

"ಏನ್ರೀ ಗಂಗರತ್ನಾ, ಹಿಂಗ ವಾರಗಟ್ಟಲೆ ಮನ್ಯಾಗ ಕುಂತ್ರ ಹ್ಯಾಂಗ? ನೀವು ಇಟ್ಟಿದ್ದ ಬ್ಯಾಕ್ಟೀರಿಯಾ ಎಲ್ಲಾ ಸತ್ತು ಹೋಗ್ಯಾವ. ಹಬ್ಬದ ದಿನ ನಾ ಇಲ್ಲೇ ಇರ್ತೀನಿ. ಅವತ್ತ ನಿಮ್ಮ ಗಾಜಿನ ತಟ್ಟಿ ತೋರಸ್ರಿ. ಆಗಲಿಲ್ಲಂದ್ರ ನಾ ಏನೂ ಮಾಡಾಕ ಬರಂಗಿಲ್ಲ ನೋಡ್ರಿ."

ಅವರು ಹೋದ ಮೇಲೆ ಅತ್ತಿಗೆ ನನಗೆ ಎರಡು ಗಾಜಿನ ತಟ್ಟೆ ತೋರಿಸಿದರು. ಅಂಗೈಯಗಲದವು, ತಳದಲ್ಲಿ ಹಳದಿ ಪಾಯಸ ಗಟ್ಟಿಯಾದಂತೆ ಏನೋ ಇತ್ತು. ಒಂದರಲ್ಲಿ ಸಾಬಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ಇನ್ನೊಂದು ಖಾಲಿ.

"ಚುಕ್ಕಿ ಇರೋದು ವೆಂಕಟಸ್ವಾಮಿದು. ಖಾಲಿ ಇರೋದು ನಂದು" ಎಂದರು. "ಎರಡರಲ್ಲೂ ಪೆನಿಸಿಲಿನ್ ಜಾತಿಯ ಔಷಧಿ ಬೆರೆಸಿದೀವಿ. ನಾವು ಕಳಿಸೋ ಡಿ.ಎನ್.ಎ. ಉಂಗುರದಲ್ಲಿ ಆ ಔಷಧೀನ ತಡ್ಕೊಳ್ಳೋ ಗುಣವೂ ಇರುತ್ತೆ. ಉಂಗುರ ಒಳಗೆ ಹೋಗಿದ್ರೆ ಬದುಕ್ತಾವೆ. ಹೋಗಿಲ್ದೇ ಇದ್ರೆ ಸಾಯ್ತಾವೆ. ನಂದು ಒಂದೂ ಬದುಕಿಲ್ಲ ನೋಡು."

ಅವರನ್ನು ನಗಿಸೋಣ ಎಂದು ನಾನು, "ನಮ್ಮನೆ ಮೊಸರಿನ ಗಡಿಗೆ ಥರಾನೇ ಆಯ್ತಲ್ಲ ಅತ್ತಿಗೆ" ಎಂದೆ.

ಅವರು ನಗಲಿಲ್ಲ. ತಟ್ಟೆಯನ್ನು ಕೆಳಗಿಟ್ಟರು.

"ಮುನ್ಲಕ್ಷ್ಮಿ, ಆ ಹಾಲು ಹುಳಿ ಕೂಡ ಆಗ್ತಿರ್ಲಿಲ್ಲ ಅಲ್ವಾ?"

"ಇಲ್ಲ."

"ಕೆಟ್ಟ ವಾಸನೆ?"

"ಅದೂ ಇಲ್ಲ. ಹಾಲು ಹಾಲೇ."

"ಬೇರೆ ಜೀವಿ ಬಂದು ತಿಂದಿದ್ರೆ ಹಾಲು ಕೆಡಬೇಕಿತ್ತು ಕಣೇ. ಇದು ಯಾವುದನ್ನೂ ಬೆಳೆಯೋಕೆ ಬಿಡ್ತಿಲ್ಲ. ಮನೆಗೆ ಯಾವ ಹಸು ಹಾಲು ತರ್ತಾರೆ ಮಾವ?"

ನಮ್ಮಲ್ಲಿ ಎರಡು ಹಸು ಇದ್ದವು, ಕೆಂದಿ ಮತ್ತು ಕರಿ. ಎರಡರ ಹಾಲೂ ಬೆರೆಸಿ ಡೈರಿಗೆ ಹಾಕಿ, ಉಳಿದದ್ದನ್ನು ಮನೆಗೆ ತರುವುದು ಅಪ್ಪನ ಪದ್ಧತಿ. ಈಚೆಗೆ ಕೆಂದಿಯ ಹಾಲನ್ನು ಮಾತ್ರ ಮನೆಗೆ ತರುತ್ತಿದ್ದರು. ಅದು ನನಗೂ ಆಗಲೇ ಹೊಳೆದದ್ದು.

ಸಂಜೆ ಅತ್ತಿಗೆ ಸ್ನಾನಕ್ಕೂ ಹೋಗದೆ ನೇರ ಕೊಟ್ಟಿಗೆಗೆ ಹೋದರು. "ಮಾವ, ಕೆಂದಿಗೆ ಏನಾದ್ರೂ ಔಷಧಿ ಹಾಕಿಸ್ತಿದೀರಾ?"

ಅಪ್ಪ ಅಡಿಗೆಮನೆಯ ಕಡೆ ನೋಡಿದರು. "ಮೆಲ್ಲಗೆ ಮಾತಾಡವ್ವ."

ಕೆಂದಿಗೆ ಕೆಚ್ಚಲು ಬಾವು ಬಂದಿತ್ತು. ಅಮ್ಮ ಅರಿಶಿನ ಸುಣ್ಣ ಕಲಸಿ ದಿನಾ ಹಚ್ಚಿದಳು. ಬಾವು ಇಳಿಯಿತು. "ನನ್ನ ಕೈ ಔಷಧಿ ಅಂದ್ರೆ ಅದು" ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಳು. ನಿಜವಾಗಿ ಅಪ್ಪ ಕೆರೆ ಅಂಗಳಕ್ಕೆ ಮೇಯಿಸಲು ಹೋಗುವ ನೆಪದಲ್ಲಿ ಹಸುವನ್ನು ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ, ಮೊಲೆಯೊಳಗೆ ಟ್ಯೂಬಿನ ಔಷಧಿ ಬಿಡಿಸಿಕೊಂಡು ಬರುತ್ತಿದ್ದರು. ಒಂದು ಮೊಲೆ ವಾಸಿಯಾದರೆ ಇನ್ನೊಂದಕ್ಕೆ ಬರುತ್ತಿತ್ತು. ಹಾಗಾಗಿ ಔಷಧಿ ನಿಂತಿರಲಿಲ್ಲ.

"ನಿಮ್ಮತ್ತೆ ಅಷ್ಟು ಇಗ್ಗಿ ತಿರುಗ್ತಾ ಇದ್ಲು. ಅವ್ಳ ಕೈಗುಣ ಅಲ್ಲ ಅಂತ ಎಂಗವ್ವ ಯೋಳ್ಲಿ?" ಎಂದರು ಅಪ್ಪ. "ಡಾಕ್ಟ್ರು ಈ ಆಲು ಡೈರಿಗೆ ಆಕ್ಬ್ಯಾಡಿ ಅಂದ್ರು. ಅಲ್ಲಿಂದ ಯಾರ್ಯಾರ ಮಕ್ಳು ಕುಡೀತಾವೋ ಏನೋ. ಅದ್ಕೇ ಮನೆಗ್ ತಂದೆ."

ಅತ್ತಿಗೆ ಗೊಂತಿನ ಮೇಲೆ ಕುಳಿತುಬಿಟ್ಟರು. "ಆ ಔಷಧಿ ಹಾಲಿಗೆ ಇಳಿಯುತ್ತೆ, ಕಾಯಿಸಿದ್ರೂ ಪೂರ್ತಿ ಹೋಗಲ್ಲ ಮಾವ. ಹೆಪ್ಪನ್ನ ಸಾಯಿಸೋದು ಅದೇ. ಇಷ್ಟು ದಿನ ನೋಡ್ತಾ ಇದ್ರಲ್ಲ."

"ನಂಗೇನ್ ಗೊತ್ತು ಅದ್ಕೂ ಇದ್ಕೂ ಸಂಬಂಧ ಅದೆ ಅಂತ? ನೀನು ಓದಿರೋಳು, ನಿಂಗೇ ಗೊತ್ತಾಗ್ಲಿಲ್ಲ."

ಅತ್ತಿಗೆ ಎದ್ದು ಸೀರೆಗೆ ಅಂಟಿದ್ದ ಹುಲ್ಲು ಕೊಡವಿದರು.

ಬಾಯಲ್ಲಿ ಹೇಳಿದರೆ ಅಮ್ಮ ನಂಬುವವಳಲ್ಲ. ಎರಡೂ ಹಸುವಿನ ಹಾಲನ್ನು ಬೇರೆಬೇರೆ ಹೆಪ್ಪು ಹಾಕಿ ತೋರಿಸೋಣ ಎಂದರು ಅತ್ತಿಗೆ. ಹೆಪ್ಪು ಎಲ್ಲಿದೆ? ನಾನು ಹಿತ್ತಲ ಗೋಡೆಯ ಹತ್ತಿರ ಹೋಗಿ ನೂರ್‌ಜಹಾನ್ ಅವರನ್ನು ಕರೆದೆ. ಸಂಗತಿ ಕೇಳಿ ಅವರು ಒಳಗೆ ಓಡಿದರು. ದೀಪ ಹಚ್ಚುವ ಹೊತ್ತು ಹತ್ತಿರವಾಗಿತ್ತು. ಅಷ್ಟರೊಳಗೆ ತಲುಪಬೇಕೆಂದು ಸೆರಗು ಎಳೆದುಕೊಳ್ಳುತ್ತಾ, ಒಲೆಯ ಮೇಲಿನ ಚಪಾತಿ ಬಿಟ್ಟು ಬಂದು, ನಮ್ಮ ಹಿತ್ತಲ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತರು. ಅಮ್ಮ ಈಚೆ ಬಂದಳು.

"ಇದು ನಮ್ದಲ್ಲ ಅಕ್ಕಾ" ಎಂದರು ನೂರ್‌ಜಹಾನ್. "ಬಕ್ರೀದ್ ಟೈಮಲ್ಲಿ ನೀವು ಕೊಟ್ಟಿದ್ರಲ್ಲ, ಅದೇ. ದಿನಾ ಉಳಿಸ್ಕೊಂಡು ಬಂದಿದೀನಿ."

ಅಮ್ಮ ಬಟ್ಟಲನ್ನೇ ನೋಡಿದಳು. ತೆಗೆದುಕೊಳ್ಳಲಿಲ್ಲ, ಬೇಡ ಎನ್ನಲೂ ಇಲ್ಲ. ಕೊನೆಗೆ ನಾನು ಕೈ ಚಾಚಿದೆ. "ನೀನೇ ಆಕು. ಅವ್ಳು ಬ್ಯಾಡ" ಎಂದು ಅಮ್ಮ ಒಳಗೆ ಹೋದಳು.

ಬೆಳಿಗ್ಗೆ ಕರಿಯ ಹಾಲು ಗಟ್ಟಿ ಮೊಸರಾಗಿತ್ತು. ಕೆಂದಿಯ ಹಾಲು ಬಟ್ಟಲಲ್ಲಿ ತುಳುಕಿತು.

"ನೋಡಿ ಅತ್ತೆ."

ಅಮ್ಮ ಎರಡನ್ನೂ ಅಲ್ಲಾಡಿಸಿ ನೋಡಿದಳು. "ಮುನ್ಲಕ್ಷ್ಮಿ ಕೈ ಒಳ್ಳೇದು. ಅದ್ಕೇ ಆಯ್ತು."

"ಎರಡನ್ನೂ ಹಾಕಿದ್ದು ಅವಳೇ ಅತ್ತೆ!" ಅತ್ತಿಗೆ ಆ ಮನೆಯಲ್ಲಿ ದನಿ ಎತ್ತಿದ್ದು ಅದೇ ಮೊದಲು. "ಒಂದೇ ಕೈ, ಒಂದೇ ಹೆಪ್ಪು, ಒಂದೇ ಒಲೆ. ಇನ್ನೇನು ತೋರಿಸ್ಲಿ ನಿಮಗೆ? ನನ್ನ ಕೈ ಕತ್ತರಿಸಿ ಇಡ್ಲಾ?"

ಅಣ್ಣ ಹಲ್ಲುಜ್ಜುತ್ತಿದ್ದವನು ಬ್ರಷ್ ಹಿಡಿದುಕೊಂಡೇ ಒಳಗೆ ಬಂದ. ಆಗ ಅಪ್ಪ ಗಂಟಲು ಸರಿಮಾಡಿಕೊಂಡು ಟ್ಯೂಬಿನ ವಿಷಯ ಹೇಳಿದರು. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಅಂಗಾರೆ ನನ್ನ ಅರಿಶಿನ ಸುಣ್ಣದಾಗೆ ವಾಸಿ ಆಗ್ಲಿಲ್ವಾ?"

"ಅದೂ ಸೊಲ್ಪ ಕೆಲ್ಸ ಮಾಡ್ತು ಕಣೆ."

"ಊರ ಮಕ್ಳು ಕುಡೀಬಾರ್ದು, ನಾವು ಕುಡೀಬೋದಾ?"

"ನಾವು ಗಟ್ಟಿ ಜನ" ಎಂದರು ಅಪ್ಪ.

ಅಮ್ಮನ ಬೈಗುಳವೆಲ್ಲ ಅಪ್ಪನ ಕಡೆ ತಿರುಗಿತು. ಅಣ್ಣ, "ಬಿಡು ರತ್ನ, ಎಲ್ಲಾ ಸರಿಯಾಯ್ತಲ್ಲ" ಎಂದು ಬಾಯಿ ಮುಕ್ಕಳಿಸಲು ಹೋದ. ಅತ್ತಿಗೆಗೆ ಯಾರೂ ಏನೂ ಹೇಳಲಿಲ್ಲ. ಅವರು ಬಟ್ಟಲುಗಳನ್ನು ಅಲ್ಲೇ ಬಿಟ್ಟು ಚೀಲ ಹೆಗಲಿಗೆ ಹಾಕಿಕೊಂಡರು. ನಾನು ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ.

"ಅಮ್ಮ ತಪ್ಪಾಯ್ತು ಅನ್ನೋಳಲ್ಲ ಅತ್ತಿಗೆ" ಎಂದೆ.

"ತಪ್ಪಾಯ್ತು ಅನ್ನೋದು ಬೇಡ ಕಣೇ. ನನ್ನ ಒಂದು ವಾರ ವಾಪಸ್ ಬೇಕು. ಅದನ್ನ ಯಾರು ಕೊಡ್ತಾರೆ?"

ಹಬ್ಬಕ್ಕೆ ಇನ್ನು ಸ್ವಲ್ಪ ದಿನವೇ ಉಳಿದಿತ್ತು. ಅತ್ತಿಗೆ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು. ಹಂಡೆಯಲ್ಲಿ ನೀರು ಕಾದಿರುತ್ತಿತ್ತು, ಅವರ ತಟ್ಟೆ ನಡುಮನೆಗೇ ಬರುತ್ತಿತ್ತು. ಬೆಳಿಗ್ಗೆ ಊಟದ ಡಬ್ಬಿಯಿಲ್ಲದೆ ಹೊರಡುತ್ತಿದ್ದರು. ಮನೆಯಲ್ಲಿ ಮತ್ತೆ ಮಜ್ಜಿಗೆ ಬಂದಿತ್ತು. ಅದನ್ನು ಕುಡಿಯುವಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದೆವು.

ಸಂಕ್ರಾಂತಿಯ ಹಿಂದಿನ ಸಂಜೆ ಅಮ್ಮ ಕರಿಯ ಹಾಲು ಕಾಯಿಸಿ, ಇಳಿಸಿ, ಆರಲು ಬಿಟ್ಟಳು. ಪಕ್ಕದಲ್ಲಿ ಆ ಹಳೇ ಕುಡಿಕೆ ಇಟ್ಟಳು, ಅದರ ಮೇಲೆ ಒಂದು ಚಮಚ. ಕುಡಿಕೆಯನ್ನು ತೊಳೆದು ನೂರ್‌ಜಹಾನ್ ಕೊಟ್ಟ ಹೆಪ್ಪಿನ ಮೊಸರು ತುಂಬಿಸಿದ್ದಳು. ಆಮೇಲೆ ನಡುಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಸೊಂಟ ನೋಯ್ತದೆ" ಎಂದಳು, ಯಾರಿಗೆಂದು ಹೇಳದೆ. "ಆಲು ಬೆಚ್ಚಗದೆ. ತಣ್ಣಗಾದ್ರೆ ಕೆಟ್ಟೋಯ್ತದೆ."

ನಾನು ಏಳಲು ಹೋದೆ. "ನೀನು ಓದ್ಕೊ" ಎಂದಳು ಅಮ್ಮ.

ಅತ್ತಿಗೆ ಆಗ ತಾನೇ ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳುತ್ತಿದ್ದರು. ಟವೆಲ್ಲನ್ನು ಹಗ್ಗದ ಮೇಲೆ ಹಾಕಿದರು. ಅಡಿಗೆಮನೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಳಗೆ ಚಮಚದ ಸದ್ದು ಕೇಳಿಸಿತು.

ಹಬ್ಬದ ಬೆಳಿಗ್ಗೆ ಅಪ್ಪ ಹಸುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ನಾನು ಎಳ್ಳುಬೆಲ್ಲ ಕಲಸುತ್ತಿದ್ದೆ. ಅತ್ತಿಗೆ ಸೀರೆಯುಟ್ಟು ಚೀಲ ತೆಗೆದುಕೊಂಡು ಬಂದರು.

"ಹಬ್ಬದ ದಿನ ಎಲ್ಲಿಗೆ?" ಎಂದ ಅಣ್ಣ. "ಊರಿನವರು ಏನಂದ್ಕೋತಾರೆ?"

"ಇವತ್ತು ತಟ್ಟೆ ನೋಡ್ಬೇಕು. ಹೋಗಿಲ್ಲಾಂದ್ರೆ ಅಲ್ಲಿಗೆ ಮುಗೀತು."

"ಅಮ್ಮ, ನೀನಾದ್ರೂ ಹೇಳು ಇವಳಿಗೆ."

ಅತ್ತಿಗೆ ಬಾಗಿಲಲ್ಲೇ ನಿಂತರು, ಬೈಗುಳಕ್ಕೆ ಕಾಯುವವರ ಹಾಗೆ. ಅಡಿಗೆಮನೆಯಲ್ಲಿ ಗಡಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಹೊಗೆಯೂ ಹುಳಿಯೂ ಸೇರಿದ ಆ ವಾಸನೆ ನಡುಮನೆಗೆ ಬಂತು. ಅನ್ನ ಕಲಸುವ ಬಳೆಯ ಸದ್ದು. ಅಮ್ಮ ಡಬ್ಬಿಯನ್ನು ಸೆರಗಿನಿಂದ ಒರೆಸುತ್ತಾ ಹೊರಗೆ ಬಂದಳು. ಕೆಳಗಿನ ಪಾತ್ರೆಯಲ್ಲಿ ಸಿಹಿ ಪೊಂಗಲ್, ಮೇಲಿನದರಲ್ಲಿ ಮೊಸರನ್ನ. ಅಣ್ಣನ ಮುಖವನ್ನೂ ನೋಡಲಿಲ್ಲ, ಅತ್ತಿಗೆಯ ಮುಖವನ್ನೂ ನೋಡಲಿಲ್ಲ. ಡಬ್ಬಿಯನ್ನು ಅತ್ತಿಗೆಯ ಕೈಗಿಟ್ಟು, ಹಿಡಿ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಹಸುಗಳ ಕಡೆ ಹೋದಳು.